ದೀಪ ಹೊತ್ತದ ದೋಷ

2005ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ತನ್ನ ಸುಮಾರು 8 ಲಕ್ಷ ಪಿಕಪ್ ಟ್ರಕ್ಕು ಮತ್ತು ಎಸ್‌ಯುವಿಗಳನ್ನು ರಿಪೇರಿಗೆಂದು ವಾಪಸು ಕರೆಯಿತು. 1999ರಿಂದ 2002ರವರೆಗಿನ ಷೆವರ್ಲೆ ಸಿಲ್ವರಾಡೊ, ಜಿಎಂಸಿ ಸಿಯೆರಾ ಮತ್ತು ಅವುಗಳ ಬಳಗದ ಗಾಡಿಗಳವು. ದೇಶದಲ್ಲಿದ್ದ ಎಲ್ಲವನ್ನೂ ಕರೆಯಲಿಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಓಡುತ್ತಿದ್ದವನ್ನು ಮಾತ್ರ ಕರೆಯಿತು. ದೋಷದ ಲಕ್ಷಣ ವಿಚಿತ್ರವಾಗಿತ್ತು. ಒಣ ರಸ್ತೆಯಲ್ಲಿ, ಯಾವ ಆತುರವೂ ಇಲ್ಲದೆ ಬ್ರೇಕ್ ಒತ್ತಿದರೂ, ಗಾಡಿ ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತಿತ್ತು. ಒಂದು ಮುಂಚಕ್ರದ ಬ್ರೇಕು ಕ್ಷಣಕಾಲ ಸಡಿಲವಾಗಿ ಗಾಡಿ ನಿಲ್ಲಬೇಕಾದ ಜಾಗ ದಾಟಿ ಮುಂದಕ್ಕೆ ಉರುಳುತ್ತಿತ್ತು. ಗಂಟೆಗೆ ಐವತ್ತು ಕಿ.ಮೀ. ವೇಗದಲ್ಲಿ ಈ ತೊಂದರೆ ಇಲ್ಲ, ಎಂಬತ್ತರಲ್ಲೂ ಇಲ್ಲ. ಹದಿನೈದಕ್ಕಿಂತ ಕೆಳಗಿಳಿದಾಗ ಮಾತ್ರ. ಇನ್ನೂ ವಿಚಿತ್ರವೆಂದರೆ, ಡ್ಯಾಶ್‌ಬೋರ್ಡಿನ ಹಳದಿ ಎಬಿಎಸ್ (ಚಕ್ರ ಜಾಮ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ದೀಪ ಹೊತ್ತುತ್ತಲೇ ಇರಲಿಲ್ಲ. ಎಬಿಎಸ್ ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಹಳೆಯ ಟ್ರಕ್ಕಿನ ಎಬಿಎಸ್ ತೊಂದರೆಯನ್ನು ಮನೆಯಂಗಳದಲ್ಲೇ ಪತ್ತೆ ಹಚ್ಚಲು ಹೊರಟವರು ಬೇರೆಲ್ಲಕ್ಕಿಂತ ಮೊದಲು ಈ ದೋಷವನ್ನು ಅರ್ಥ ಮಾಡಿಕೊಂಡರೆ ಒಳ್ಳೆಯದು. ಕಂಪ್ಯೂಟರ್ ಏನು ಹೇಳುತ್ತಿದೆ ಎಂದು ಕೇಳುವುದಕ್ಕಿಂತ, ಅದಕ್ಕೆ ಏನು ಕೇಳಿಸುತ್ತಿದೆ ಎಂದು ಅಳೆಯುವುದೇ ಸರಿಯಾದ ದಾರಿ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಸಿಗುವುದು ಕಷ್ಟ.

ಎಬಿಎಸ್‌ನ ಕೆಲಸ ಹೇಳುವಾಗ ಚಕ್ರ ಜಾಮ್ ಆದರೆ ಅದು ಬ್ರೇಕ್ ಬಿಡಿಸುತ್ತದೆ ಎಂದುಬಿಡುತ್ತೇವೆ. ಆದರೆ ಚಕ್ರ ಜಾಮ್ ಆಗಿದೆ ಎಂದು ಅದಕ್ಕೆ ತಿಳಿಯುವುದು ಹೇಗೆ? ಗಾಡಿ ನೆಲದ ಮೇಲೆ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂದು ನೇರವಾಗಿ ಅಳೆಯುವ ಯಾವ ಸಾಧನವೂ ಈ ಟ್ರಕ್ಕುಗಳಲ್ಲಿಲ್ಲ. ಚಕ್ರಗಳ ವೇಗದಿಂದಲೇ ಗಾಡಿಯ ವೇಗವನ್ನು ಊಹಿಸಿ, ಆ ಊಹೆಗೆ ಹೋಲಿಸಿ ಯಾವ ಚಕ್ರ ಹಿಂದೆ ಬಿತ್ತು ಎಂದು ತೀರ್ಮಾನಿಸಬೇಕು. ಒಣ ರಸ್ತೆಯಲ್ಲಿ ಟೈರು ಗಾಡಿಗಿಂತ ಶೇಕಡ ಹತ್ತಿಪ್ಪತ್ತರಷ್ಟು ನಿಧಾನವಾಗಿ ಉರುಳುವಾಗ ಅದರ ಹಿಡಿತ ಅತಿ ಹೆಚ್ಚು. ಅದಕ್ಕಿಂತ ಹೆಚ್ಚು ಜಾರಿದರೆ ಹಿಡಿತ ಕಡಿಮೆಯಾಗುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಆ ಅಂಚಿನಲ್ಲಿ ಚಕ್ರವನ್ನು ಹಿಡಿದಿಡುವುದೇ ಎಬಿಎಸ್ ಲೆಕ್ಕಾಚಾರದ ಗುರಿ. ಸಿಲ್ವರಾಡೊದಲ್ಲಿ ಎರಡು ಮುಂಚಕ್ರಗಳ ಹಬ್ಬಿನೊಳಗೆ ಹಲ್ಲುಗಳಿರುವ ಒಂದೊಂದು ಕಬ್ಬಿಣದ ಬಳೆ ಇದೆ. ನಮ್ಮಲ್ಲಿ 2019ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ಮೇಲೆ ಡಿಸ್ಕಿನ ಪಕ್ಕದಲ್ಲಿ ಕಾಣುವ ಕಿಂಡಿಗಳ ಬಳೆಯ ಕೆಲಸವೂ ಇಂಥದ್ದೇ. ಬಳೆಯ ಎದುರಿಗೆ ಒಂದು ಕಾಯಂ ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿಯ ಸುರುಳಿ. ಹಲ್ಲು ಹತ್ತಿರ ಬಂದಾಗ ಕಾಂತಕ್ಷೇತ್ರ ಬಲಗೊಳ್ಳುತ್ತದೆ, ಸಂದಿ ಬಂದಾಗ ಸಡಿಲವಾಗುತ್ತದೆ. ಈ ಏರಿಳಿತ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮ ಇಷ್ಟೇ: ಕಾಂತಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವೋಲ್ಟೇಜು. ಹಾಗಾಗಿ ಈ ಸೆನ್ಸರಿಗೆ ಹೊರಗಿನಿಂದ ಕರೆಂಟೇ ಬೇಡ, ಚಕ್ರ ತಿರುಗಿದರೆ ಸಾಕು. ಅದರ ದೌರ್ಬಲ್ಯವೂ ಇಲ್ಲೇ ಇದೆ. ಚಕ್ರ ನಿಧಾನವಾದಂತೆ ಹಲ್ಲುಗಳು ಹಾಯುವ ಲೆಕ್ಕ ಕಡಿಮೆಯಾಗುವುದರ ಜೊತೆಗೆ ವೋಲ್ಟೇಜೂ ಇಳಿಯುತ್ತದೆ. ಅಂದರೆ ಚಕ್ರ ನಿಲ್ಲುವ ಮೊದಲೇ ಸೆನ್ಸರಿನ ದನಿ ಉಡುಗಿಹೋಗುವ ಒಂದು ವೇಗ ಇದ್ದೇ ಇದೆ.

ಆ ವೇಗ ಎಷ್ಟು ಎಂಬುದನ್ನು ಹಲ್ಲಿಗೂ ಸೆನ್ಸರಿಗೂ ನಡುವಿನ ಅಂತರ ನಿರ್ಧರಿಸುತ್ತದೆ. ಈ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಸೆನ್ಸರು ಒಂದೇ ಬೋಲ್ಟಿನಿಂದ ಹಬ್ಬಿನ ಕಬ್ಬಿಣದ ಮುಖಕ್ಕೆ ಒತ್ತಿಕೊಂಡು ಕೂತಿರುತ್ತದೆ. ಆ ಮುಖ ಸಪಾಟಾಗಿರುವಷ್ಟು ಕಾಲ ಅಂತರವೂ ನೆಟ್ಟಗಿರುತ್ತದೆ. ಉಪ್ಪು ನೀರು ಈ ಸಂದಿಗೆ ಇಳಿದಾಗ ಕಥೆ ಬದಲಾಗುತ್ತದೆ. ಬರೀ ನೀರಿಗಿಂತ ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಕಬ್ಬಿಣ ತುಕ್ಕಾಗುವ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಕ್ಲೋರೈಡು ಲೋಹದ ಮೇಲಿನ ರಕ್ಷಣೆಯ ಪೊರೆಯನ್ನು ಮುರಿಯುತ್ತದೆ. (ಅಮೆರಿಕದ ಮೋಟಾರು ರಾಜಧಾನಿ ಡೆಟ್ರಾಯಿಟ್ ನಗರದ ಅಡಿಯಲ್ಲೇ ಮುನ್ನೂರು ಮೀಟರಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ, ಅಲ್ಲಿಂದ ತೆಗೆದ ಉಪ್ಪು ರಸ್ತೆಗೇ ಹೋಗುತ್ತದೆ. ಗಾಡಿ ಕಟ್ಟುವ ಊರೇ ಗಾಡಿ ತಿನ್ನುವ ಉಪ್ಪನ್ನೂ ಅಗೆಯುತ್ತದೆ.) ತುಕ್ಕಿನ ಗುಣವೆಂದರೆ ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಎರಡರಿಂದ ಆರು ಪಟ್ಟು. ಸೆನ್ಸರಿನ ಅಡಿಯಲ್ಲಿ ಪದರ ಪದರವಾಗಿ ಉಬ್ಬಿದ ತುಕ್ಕು ಸೆನ್ಸರನ್ನು ನಿಧಾನವಾಗಿ ಮೇಲಕ್ಕೆತ್ತುತ್ತದೆ. ಅರ್ಧ ಮಿಲಿಮೀಟರು ಎತ್ತಿದರೂ ಸಾಕು, ವೋಲ್ಟೇಜು ಗಣನೀಯವಾಗಿ ಕುಸಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಇದರಿಂದ ಏನೂ ಆಗುವುದಿಲ್ಲ, ಅಲ್ಲಿ ವೋಲ್ಟೇಜು ಧಾರಾಳವಾಗಿದೆ. ಗಂಟೆಗೆ ಎಂಟು ಹತ್ತು ಕಿ.ಮೀ.ಗೆ ಇಳಿದಾಗ ಮಾತ್ರ ತುಕ್ಕು ಹಿಡಿದ ಬದಿಯ ಸೆನ್ಸರು ತಟಕ್ಕನೆ ಸೊನ್ನೆ ಎನ್ನುತ್ತದೆ, ಉಳಿದ ಬದಿಗಳು ಇನ್ನೂ ಎಂಟು ಎನ್ನುತ್ತಿರುತ್ತವೆ. ಉಳಿದವು ಉರುಳುತ್ತಿರುವಾಗ ಒಂದು ಚಕ್ರ ಹಠಾತ್ತನೆ ನಿಂತರೆ ಅದಕ್ಕೆ ಕಂಪ್ಯೂಟರಿನ ನಿಘಂಟಿನಲ್ಲಿ ಇರುವುದು ಒಂದೇ ಅರ್ಥ, ಚಕ್ರ ಜಾಮ್ ಆಗಿದೆ. ಅದು ತನಗೆ ಕಲಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಆ ಚಕ್ರದ ಬ್ರೇಕನ್ನು ಸಡಿಲಿಸುತ್ತದೆ. ದೀಪ ಹೊತ್ತದ್ದಕ್ಕೆ ಕಾರಣವೂ ಇದೇ. ತಂತಿ ತುಂಡಾದರೆ ಕಂಪ್ಯೂಟರಿಗೆ ಗೊತ್ತಾಗುತ್ತದೆ, ವೇಗದಲ್ಲಿ ಹೋಗುವಾಗ ಒಂದು ಸೆನ್ಸರು ಪೂರ್ತಿ ಮೌನವಾದರೂ ಗೊತ್ತಾಗುತ್ತದೆ. ನಿಜವಾದ ಘಟನೆಯನ್ನೇ ಹೋಲುವ ತಪ್ಪು ಸಂಕೇತವನ್ನು ತಪ್ಪೆಂದು ಗುರುತಿಸಲು ಅದರ ಬಳಿ ಬೇರೆ ಸಾಕ್ಷಿಯೇ ಇಲ್ಲ.

ದೀಪ ಹೊತ್ತಿದಾಗಿನ ಕಥೆಯೂ ಮೇಲೆ ಕಾಣುವಷ್ಟು ಸರಳವಲ್ಲ. 1987ರಲ್ಲಿ ಫೋರ್ಡ್ ಎಫ್ ಸರಣಿಯ ಪಿಕಪ್ಪುಗಳಿಗೆ ಹಿಂಚಕ್ರಗಳ ಎಬಿಎಸ್ ಬಂದಾಗ, ಒಂದು ವೈರನ್ನು ಚಾಸಿಗೆ ತಾಗಿಸಿದರೆ ಡ್ಯಾಶ್‌ಬೋರ್ಡಿನ ದೀಪವೇ ಮಿನುಗಿ ದೋಷದ ಕೋಡ್ ಹೇಳುತ್ತಿತ್ತು. ಎಣಿಸಲು ಬಂದರೆ ಸಾಕಾಗಿತ್ತು. 1996ರಿಂದ ಅಮೆರಿಕದ ಕಾರು, ಪಿಕಪ್ಪುಗಳಿಗೆಲ್ಲ ರೀಡರ್ ಚುಚ್ಚಿ ಕೋಡ್ ಓದುವ ಒಂದೇ ಬಗೆಯ ಒಬಿಡಿ ಸಾಕೆಟ್ ಕಡ್ಡಾಯವಾಯಿತು. ಆದರೆ ಆ ಕಾನೂನು ಹುಟ್ಟಿದ್ದು ಹೊಗೆ ನಿಯಂತ್ರಣಕ್ಕೆ. ಎಂಜಿನ್ನಿಗೆ ಸಂಬಂಧಿಸಿದ, ಪಿ ಅಕ್ಷರದಿಂದ ಶುರುವಾಗುವ ಕೋಡುಗಳನ್ನು ಎಲ್ಲ ರೀಡರುಗಳೂ ಓದಬಲ್ಲವು. ಬ್ರೇಕು, ಚಾಸಿಗೆ ಸೇರಿದ ಸಿ ಕೋಡುಗಳನ್ನು ಓದಿಸಲೇಬೇಕೆಂಬ ನಿಯಮ ಅದರಲ್ಲಿಲ್ಲ. ಅಗ್ಗದ ರೀಡರ್ ಚುಚ್ಚಿ ‘ಯಾವ ಕೋಡೂ ಇಲ್ಲ’ ಎಂದು ಕಂಡು, ಎಬಿಎಸ್ ದೀಪವನ್ನೇ ಅನುಮಾನಿಸುವವರು ಇದನ್ನು ನೆನಪಿಡಬೇಕು. ಸಿ ಕೋಡುಗಳನ್ನೂ, ಗಾಡಿ ಓಡುವಾಗ ಪ್ರತಿ ಸೆನ್ಸರಿನ ವೇಗವನ್ನೂ ತೋರಿಸುವ ಸ್ಕ್ಯಾನರೇ ಬೇಕು. ಅದು ಸಿಕ್ಕಿ, ಪರದೆಯ ಮೇಲೆ ಸಿ 0035 ಎಂದು ಬಂತೆನ್ನಿ, ಎಡ ಮುಂಚಕ್ರದ ಸೆನ್ಸರು ಎಂದರ್ಥ. ಬಹುಪಾಲು ಜನ ಇಲ್ಲಿಗೇ ನಿಂತು ಎಡ ಸೆನ್ಸರು ಕೊಳ್ಳಲು ಅಂಗಡಿಗೆ ಹೋಗುತ್ತಾರೆ. ಕೋಡ್ ಎಂಬುದು ಠಾಣೆಯಲ್ಲಿ ದಾಖಲಾದ ದೂರಿನಂತೆ. ಘಟನೆ ಎಲ್ಲಿ ನಡೆಯಿತೆಂದು ಅದು ಹೇಳುತ್ತದೆ, ಮಾಡಿದವರು ಯಾರೆಂದು ಸಾಬೀತು ಮಾಡುವುದಿಲ್ಲ. ಎಡ ಮುಂಚಕ್ರದ ಸರ್ಕೀಟಿನಲ್ಲಿ ಸೆನ್ಸರಿನ ಸುರುಳಿ ಇದೆ, ಸಸ್ಪೆನ್ಷನ್ನಿನ ಜೊತೆ ಹಗಲಿರುಳು ಮಡಚಿ ಬಿಚ್ಚುವ ವೈರಿದೆ, ಕನೆಕ್ಟರಿನ ಪಿನ್ನುಗಳಿವೆ, ಹಲ್ಲಿನ ಬಳೆ ಇದೆ, ಬಳೆಯನ್ನು ಹೊತ್ತ ಬೇರಿಂಗ್ ಇದೆ, ಕೊನೆಗೆ ಸಂಕೇತ ಓದುವ ಕಂಪ್ಯೂಟರ್ ಇದೆ. ಬೇರಿಂಗ್ ಸವೆದು ಹಬ್ ಅಲುಗಾಡಿದರೆ ಹಲ್ಲಿನ ಅಂತರ ಪ್ರತಿ ಸುತ್ತಿನಲ್ಲೂ ಹಿಗ್ಗಿ ಕುಗ್ಗುತ್ತದೆ. ಆಗಲೂ ದೂರು ಬರುವುದು ಸೆನ್ಸರಿನ ಹೆಸರಿನಲ್ಲೇ.

ಇವುಗಳಲ್ಲಿ ಯಾವುದೆಂದು ತಿಳಿಯಲು ಬೇಕಾದ ಮುಖ್ಯ ಉಪಕರಣ ಒಂದು ಸಾಧಾರಣ ಮಲ್ಟಿಮೀಟರು. ಆದರೆ ಅದರಿಂದ ಏನನ್ನು ಅಳೆಯುತ್ತೇವೆ ಎಂಬುದು ಮುಖ್ಯ. ಓಮ್‌ಗೆ ತಿರುಗಿಸಿ ಸೆನ್ಸರಿನ ಎರಡು ಪಿನ್ನುಗಳ ನಡುವೆ ಇಟ್ಟರೆ ಸುರುಳಿ ಸುಮಾರು ಸಾವಿರ ಓಮ್ ತೋರಿಸಬೇಕು. ಅನಂತ ತೋರಿಸಿದರೆ ತಂತಿ ಕಡಿದಿದೆ, ಸೊನ್ನೆಯ ಹತ್ತಿರವಿದ್ದರೆ ಶಾರ್ಟಾಗಿದೆ. ಸಾವಿರ ತೋರಿಸಿತು ಎಂದಾಕ್ಷಣ ಸೆನ್ಸರು ಸರಿಯಿದೆ ಎಂದು ಬಿಡುವುದೇ ಈ ಪತ್ತೆ ಕೆಲಸದ ದೊಡ್ಡ ಬಲೆ. ತುಕ್ಕು ಎತ್ತಿ ಕೂರಿಸಿದ ಸೆನ್ಸರಿನ ಸುರುಳಿ ಕೂಡ ಸಾವಿರವೇ ತೋರಿಸುತ್ತದೆ. ಅದರ ಸುರುಳಿಗೆ ಏನೂ ಆಗಿಲ್ಲ, ಅದು ಕೂತ ಜಾಗ ಕೆಟ್ಟಿದೆ. ಆದ್ದರಿಂದ ಗಾಡಿಯನ್ನು ಸಮತಟ್ಟು ನೆಲದಲ್ಲಿ ಜಾಕ್ ಹಾಕಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಮೀಟರನ್ನು ಎಸಿ ಮಿಲಿವೋಲ್ಟಿಗೆ ತಿರುಗಿಸಿ, ಚಕ್ರವನ್ನು ಕೈಯಿಂದ ಸುತ್ತಿಸಬೇಕು. ಈ ಪರೀಕ್ಷೆಯಲ್ಲಿ ಒಂದು ಸೊಗಸಾದ ಲೆಕ್ಕ ಅಡಗಿದೆ. ಈ ಟ್ರಕ್ಕುಗಳಿಗೆ ಹಾಕುವ 16 ಇಂಚಿನ ಟೈರಿನ ಸುತ್ತಳತೆ ಸುಮಾರು 2.4 ಮೀಟರು. ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೆ ಅದು ಗಂಟೆಗೆ ಸುಮಾರು 9 ಕಿ.ಮೀ. ವೇಗಕ್ಕೆ ಸಮ. ತೊಂದರೆ ಕಾಣಿಸಿಕೊಳ್ಳುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ. ಕೈಯಿಂದ ತಿರುಗಿಸುವುದು ಬಡವರ ಪರೀಕ್ಷೆಯಂತೆ ಕಂಡರೂ, ಈ ದೋಷಕ್ಕೆ ಅದಕ್ಕಿಂತ ತಕ್ಕ ಪರೀಕ್ಷೆ ಇಲ್ಲ. ಆರೋಗ್ಯವಾಗಿರುವ ಸೆನ್ಸರು ಜೋರಾಗಿ ಸುತ್ತಿಸಿದಾಗ ಕೆಲವು ನೂರು ಮಿಲಿವೋಲ್ಟು ಕೊಡುತ್ತದೆ. ನಿಖರ ಸಂಖ್ಯೆ ಗಾಡಿಯಿಂದ ಗಾಡಿಗೆ ಬದಲಾಗುವುದರಿಂದ ಎಡಕ್ಕೂ ಬಲಕ್ಕೂ ಹೋಲಿಸಿ ನೋಡುವುದೇ ಜಾಣತನ: ಎರಡನ್ನೂ ಒಂದೇ ಬಿರುಸಿನಿಂದ ತಿರುಗಿಸಿದಾಗ ಒಂದು ಬದಿ ಇನ್ನೊಂದರ ಅರ್ಧಕ್ಕಿಂತ ಕಡಿಮೆ ಕೊಟ್ಟರೆ ಹುಡುಕಾಟ ಬಹುಪಾಲು ಮುಗಿದ ಹಾಗೆ. ಮೀಟರು ಹಿಡಿದಿರುವಾಗಲೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ವೈರನ್ನು ಉದ್ದಕ್ಕೂ ಕೈಯಲ್ಲಿ ಅಲುಗಾಡಿಸಿ ನೋಡಬೇಕು. ಬಂದು ಹೋಗುವ ದೋಷಗಳನ್ನು ಮನೆಯಲ್ಲಿ ಹಿಡಿಯಲಾಗದು ಎನ್ನುವವರಿಗೆ ಇದೇ ಉತ್ತರ. ಅವು ತಾವಾಗಿ ಬರುವವರೆಗೆ ಕಾಯಬೇಕಿಲ್ಲ, ಬರುವಂತೆ ಮಾಡಬಹುದು. ಇನ್ನೊಂದು ಸಾಕ್ಷಿ ಬೇಕಿದ್ದರೆ ಖಾಲಿ ಬಯಲಿನಲ್ಲಿ ಒಬ್ಬರು ಗಾಡಿಯನ್ನು ನೇರವಾಗಿ ಓಡಿಸಿ ಮೆಲ್ಲಗೆ ನಿಲ್ಲಿಸುವಾಗ ಇನ್ನೊಬ್ಬರು ಸ್ಕ್ಯಾನರಿನ ಮೇಲೆ ಕಣ್ಣಿಡಲಿ. ಯಾವ ಚಕ್ರ ಮೊದಲು ಸೊನ್ನೆ ಎನ್ನುತ್ತದೋ ಅಲ್ಲಿ ಬಿಚ್ಚಬೇಕು.

ಇದೇ ಟ್ರಕ್ಕುಗಳ ಇನ್ನೊಂದು ಹೆಸರುವಾಸಿ ಕೋಡ್ ಸಿ 0265. ಎಬಿಎಸ್ ಪಂಪಿನ ಮೋಟಾರಿಗೆ ಕರೆಂಟು ಕೊಡುವ ರಿಲೇ ಸರ್ಕೀಟು ತೆರೆದಿದೆ ಎಂಬುದು ಅದರ ಅರ್ಥ. ರಿಲೇ ಇರುವುದು ಡ್ರೈವರ್ ಸೀಟಿನ ಕೆಳಗೆ, ಚಾಸಿಗೆ ಬಿಗಿದ ಕಂಪ್ಯೂಟರ್ ಪೆಟ್ಟಿಗೆಯೊಳಗೆ. ಹಾಗಾಗಿ ಪೆಟ್ಟಿಗೆಯನ್ನೇ ಬದಲಿಸು ಎಂಬ ಸಲಹೆ ಬೇಗ ಬರುತ್ತದೆ, ಮತ್ತು ಪೆಟ್ಟಿಗೆ ದುಬಾರಿ. ಪೆಟ್ಟಿಗೆಯೊಳಗೇ ಕೆಡುವುದುಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಅರ್ಥ್ ವೈರು ಅದೇ ಚಾಸಿಗೆ, ಅದೇ ಉಪ್ಪು ನೀರು ಸಿಡಿಯುವ ಜಾಗದಲ್ಲಿ ಒಂದು ಬೋಲ್ಟಿನಿಂದ ಬಿಗಿದಿರುತ್ತದೆ. ಆ ಬೋಲ್ಟಿನಡಿ ತುಕ್ಕು ಹಿಡಿದು 0.1 ಓಮ್ ಪ್ರತಿರೋಧ ಸೇರಿಕೊಂಡಿದೆ ಎನ್ನಿ. ಓಮ್ ಮೀಟರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಮೀಟರು ಹರಿಸುವ ಕರೆಂಟು ಅತ್ಯಲ್ಪ, ಅದರ ಕಡ್ಡಿಗಳ ಪ್ರತಿರೋಧವೇ ಅಷ್ಟಿರುತ್ತದೆ. ಪಂಪು ಮೂವತ್ತು ಆಂಪಿಯರ್ ಎಳೆದಾಗ ಮಾತ್ರ ಆ 0.1 ಓಮ್ ಮೂರು ವೋಲ್ಟನ್ನು ನುಂಗುತ್ತದೆ. ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಅದು ಕಾಲು ಭಾಗ. ಆದ್ದರಿಂದ ಇಲ್ಲಿ ಅಳೆಯಬೇಕಾದದ್ದು ಕರೆಂಟು ಹರಿಯುತ್ತಿರುವಾಗಿನ ವೋಲ್ಟೇಜು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಪೆಟ್ಟಿಗೆಯ ಅರ್ಥ್ ವೈರಿಗೆ. ಸ್ಕ್ಯಾನರಿನಿಂದ ಪಂಪು ಓಡಿಸಿದಾಗ ಒಂದೆರಡು ದಶಾಂಶ ವೋಲ್ಟಿಗಿಂತ ಹೆಚ್ಚು ಬಂದರೆ ಮೊದಲು ಬೋಲ್ಟು ಬಿಚ್ಚಿ ಲೋಹ ಹೊಳೆಯುವವರೆಗೆ ಉಜ್ಜಬೇಕು. ಸೆನ್ಸರಿನ ಪಾಠವೇ ಇಲ್ಲೂ ಮರುಕಳಿಸುತ್ತದೆ. ಕೆಲಸದಲ್ಲಿಲ್ಲದ ಭಾಗವನ್ನು ಅಳೆದರೆ ಅದು ಕೆಲಸ ಮಾಡುವಾಗ ಏನಾಗುತ್ತದೆಂದು ತಿಳಿಯುವುದಿಲ್ಲ.

ಇಷ್ಟೆಲ್ಲ ಅಳೆಯುವ ಬದಲು ಅನುಮಾನ ಬಂದ ಭಾಗವನ್ನು ಬದಲಿಸಿ ನೋಡಿದರಾಯಿತಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಸೆನ್ಸರಿನ ಸಮೇತ ಹೊಸ ಹಬ್ ಹಾಕಿದರೆ ಈ ದೋಷ ನಿಜಕ್ಕೂ ಹೋಗುತ್ತದೆ, ಮತ್ತು ಬೇರಿಂಗ್ ಸವೆದಿದ್ದರೆ ಅದೇ ಸರಿಯಾದ ರಿಪೇರಿ. ಆದರೆ ದೋಷ ಹೋಯಿತು ಎಂಬುದರಿಂದ ಹಳೆಯ ಭಾಗ ಕೆಟ್ಟಿತ್ತು ಎಂದು ಸಿದ್ಧವಾಗುವುದಿಲ್ಲ. ಹಳೆಯ ಹಬ್ಬಿನ ಮುಖದಲ್ಲಿ ಅದೇ ಸೆನ್ಸರನ್ನು ಬಿಚ್ಚಿ, ತುಕ್ಕು ಕೆರೆದು ಮತ್ತೆ ಕೂರಿಸಿದ್ದರೂ ಹೋಗುತ್ತಿತ್ತು. ಕನೆಕ್ಟರು ಬಿಚ್ಚಿ ಹಾಕುವಾಗ ಪಿನ್ನುಗಳ ಮೇಲಿನ ಕಿಲುಬು ಉಜ್ಜಿಹೋಗುತ್ತದೆ. ಪೆಟ್ಟಿಗೆ ಬದಲಿಸುವಾಗ ಅದರ ಪ್ಲಗ್ಗು, ಅರ್ಥ್ ಎಲ್ಲವನ್ನೂ ಮುಟ್ಟಲೇಬೇಕು. ಭಾಗ ಬದಲಿಸಿದ ಮೆಕ್ಯಾನಿಕ್ ತಾನು ಒಂದೇ ಸಂಗತಿ ಬದಲಿಸಿದೆ ಎಂದುಕೊಂಡಿರುತ್ತಾನೆ, ನಿಜದಲ್ಲಿ ಮೂರು ಬದಲಾಗಿರುತ್ತವೆ. ತುಕ್ಕಿನ ಮೇಲೆಯೇ ಹೊಸ ಸೆನ್ಸರು ಕೂರಿಸಿದವರಿಗೆ ಇದರ ತಿರುವುಮುರುವು ಅನುಭವವಾಗುತ್ತದೆ: ಹೊಸ ಭಾಗ, ಅದೇ ದೋಷ. 2005ರ ವಾಪಸಾತಿಯಲ್ಲೂ ಕಂಪನಿ ಸೂಚಿಸಿದ್ದು ಸೆನ್ಸರು ಬಿಚ್ಚಿ, ಹಬ್ಬಿನ ಮುಖವನ್ನು ಶುಚಿ ಮಾಡಿ, ತುಕ್ಕು ನಿರೋಧಕ ಲೇಪ ಕೊಡುವುದನ್ನೇ. ಲಕ್ಷಾಂತರ ಗಾಡಿಗಳ ಖರ್ಚು ತಲೆಯ ಮೇಲೆ ಬಂದಾಗ ಕಂಪನಿಗೂ ಭಾಗ ಬದಲಿಸುವುದಕ್ಕಿಂತ ಕಾರಣ ಸರಿಪಡಿಸುವುದೇ ಲೇಸೆನಿಸಿತು.

ಎಬಿಎಸ್ ಇಲ್ಲದೆಯೂ ಬ್ರೇಕು ಹಿಡಿಯುತ್ತದೆ, ಫ್ಯೂಸ್ ಕಿತ್ತು ಸುಮ್ಮನಿರಬಾರದೇ ಎಂಬುದು ಇನ್ನೊಂದು ವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ 2009ರಲ್ಲಿ ಪ್ರಕಟಿಸಿದ ದೀರ್ಘಾವಧಿ ಅಧ್ಯಯನದಲ್ಲಿ, ಸಾವು ಸಂಭವಿಸಿದ ಅಪಘಾತಗಳ ಮೇಲೆ ಎಬಿಎಸ್‌ನ ಒಟ್ಟಾರೆ ಪರಿಣಾಮ ಸೊನ್ನೆಯ ಹತ್ತಿರವಿತ್ತು. ಅದೇ ಅಧ್ಯಯನದ ಇನ್ನೊಂದು ಪುಟವನ್ನೂ ಓದಬೇಕು: ಸಾವಿಲ್ಲದ ಅಪಘಾತಗಳು ಕಾರುಗಳಲ್ಲಿ ಶೇಕಡ 6ರಷ್ಟು, ಪಿಕಪ್, ಎಸ್‌ಯುವಿ, ವ್ಯಾನುಗಳಲ್ಲಿ ಶೇಕಡ 8ರಷ್ಟು ಕಡಿಮೆಯಾಗಿದ್ದವು. ಸರಾಸರಿಯ ಚರ್ಚೆ ಏನೇ ಇರಲಿ, ಈ ಟ್ರಕ್ಕುಗಳ ವಿಷಯದಲ್ಲಿ ಫ್ಯೂಸ್ ಕೀಳುವ ಸಲಹೆಗೆ ನೇರವಾದ ತಾಂತ್ರಿಕ ತೊಡಕೊಂದಿದೆ. ಪಿಕಪ್ಪಿನ ಹಿಂಭಾಗದ ತೊಟ್ಟಿ ಖಾಲಿಯಿದ್ದಾಗ ಹಿಂಚಕ್ರಗಳ ಮೇಲೆ ಭಾರವೇ ಇರುವುದಿಲ್ಲ, ಬ್ರೇಕ್ ಒತ್ತಿದೊಡನೆ ಅವು ಮೊದಲು ಜಾಮ್ ಆಗಿ ಗಾಡಿಯ ಬೆನ್ನು ಪಕ್ಕಕ್ಕೆ ಹೊಡೆಯುತ್ತದೆ. 1987ರ ಫೋರ್ಡ್ ಪಿಕಪ್ಪಿಗೆ ಹಿಂಚಕ್ರಗಳಿಗಷ್ಟೇ ಎಬಿಎಸ್ ಕೊಟ್ಟದ್ದು ಇದೇ ಕಾರಣಕ್ಕೆ. ಹಿಂದಿನ ಕಾಲದಲ್ಲಿ ಹಿಂಬ್ರೇಕಿನ ಒತ್ತಡ ತಗ್ಗಿಸಲು ಪ್ರತ್ಯೇಕ ಯಾಂತ್ರಿಕ ವಾಲ್ವ್ ಇರುತ್ತಿತ್ತು. 1999ರ ನಂತರದ ಸಿಲ್ವರಾಡೊದಲ್ಲಿ ಆ ಕೆಲಸವನ್ನೂ ಎಬಿಎಸ್ ಘಟಕದ ವಾಲ್ವುಗಳೇ ಮಾಡುತ್ತವೆ. ಫ್ಯೂಸ್ ಕಿತ್ತರೆ ಎಬಿಎಸ್ ಜೊತೆಗೆ ಈ ಹೊಂದಾಣಿಕೆಯೂ ಹೋಗುತ್ತದೆ. ಹಳದಿ ದೀಪದೊಂದಿಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದ್ದರೆ, ಹ್ಯಾಂಡ್‌ಬ್ರೇಕು ಬಿಟ್ಟಿದ್ದು ಬ್ರೇಕ್ ಆಯಿಲ್ ಮಟ್ಟವೂ ಸರಿಯಿದ್ದರೆ, ಈ ಸಾಧ್ಯತೆಯನ್ನೇ ಮೊದಲು ನೆನೆಯಬೇಕು. ಖಾಲಿ ಪಿಕಪ್ಪನ್ನು ಆ ಸ್ಥಿತಿಯಲ್ಲಿ ಮಳೆಯಲ್ಲಿ ಓಡಿಸುವುದು ಅವಿವೇಕ.

ಬ್ರೇಕಿನ ವಿಷಯವನ್ನು ಮನೆಯಲ್ಲಿ ಮುಟ್ಟಲೇಬಾರದು ಎಂಬ ಎಚ್ಚರಿಕೆಯೊಂದು ಉಳಿಯಿತು. ಅರ್ಧ ಒಪ್ಪಬಹುದು. ಎಬಿಎಸ್‌ನ ದೋಷಗಳಲ್ಲಿ ವಿದ್ಯುತ್ತಿನ ಪಾಲು ಬೇರೆ, ಎಣ್ಣೆಯ ಪಾಲು ಬೇರೆ. ಕೋಡ್ ಓದುವುದು, ಸೆನ್ಸರ್ ಅಳೆಯುವುದು, ಹಬ್ಬಿನ ಮುಖ ಉಜ್ಜಿ ಸತುವಿನ ಲೇಪ ಬಳಿಯುವುದು, ಅರ್ಥ್ ಬಿಗಿಯುವುದು, ಇವುಗಳಲ್ಲಿ ಒಂದು ಹನಿ ಬ್ರೇಕ್ ಆಯಿಲೂ ಹೊರಬರುವುದಿಲ್ಲ. ತಾಳ್ಮೆಯಿರುವ ಯಾರಾದರೂ ಮಾಡಬಹುದು. ಪೈಪು ಬಿಚ್ಚುವ ಕೆಲಸ ಬಂದೊಡನೆ ಲೆಕ್ಕ ಬದಲಾಗುತ್ತದೆ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ಅದನ್ನು ಹೊರದೂಡಲು ವಾಲ್ವುಗಳನ್ನೂ ಪಂಪನ್ನೂ ಆದೇಶ ಕೊಟ್ಟು ಓಡಿಸುವ ಸ್ಕ್ಯಾನರ್ ಬೇಕು. ಹೀಗಾಗಿ ಅಲ್ಲಿಂದ ಮುಂದೆ ಗ್ಯಾರೇಜೇ ಸರಿ. ಅಡಿಯಲ್ಲಿ ಮಲಗಿರುವಾಗ ಒಂದು ಟಾರ್ಚು ಹಿಡಿದು ಚಾಸಿಯ ಉದ್ದಕ್ಕೂ ಹಾದ ಉಕ್ಕಿನ ಬ್ರೇಕ್ ಪೈಪುಗಳನ್ನು ನೋಡುವುದು ಮಾತ್ರ ತಪ್ಪಬಾರದು. ಸೆನ್ಸರನ್ನು ಎತ್ತಿದ ಉಪ್ಪೇ ಅವನ್ನೂ ತಿನ್ನುತ್ತದೆ. ಅದೇ ಸುರಕ್ಷತಾ ಸಂಸ್ಥೆ 1999ರಿಂದ 2003ರವರೆಗಿನ ಈ ಬಳಗದ ಸುಮಾರು 50 ಲಕ್ಷ ಗಾಡಿಗಳ ಪೈಪು ತುಕ್ಕಿನ ಬಗ್ಗೆ ತನಿಖೆ ನಡೆಸಿ, 2015ರಲ್ಲಿ ವಾಪಸಾತಿಗೆ ಆದೇಶಿಸದೆ ಮುಗಿಸಿತು. ಗಾಡಿಯ ಅಡಿಭಾಗ ತೊಳೆಸಿ, ಪೈಪುಗಳನ್ನು ತಪಾಸಣೆ ಮಾಡಿಸಿ ಎಂದು ಮಾಲೀಕರಿಗೆ ಹೇಳಿತು. ಪೈಪಿನ ಮೇಲೆ ಹೊಪ್ಪಳಿಕೆ ಎದ್ದಿದ್ದರೆ, ಎಲ್ಲಾದರೂ ಒದ್ದೆ ಕಂಡರೆ, ಎಬಿಎಸ್ ವಿಚಾರ ಬದಿಗಿಟ್ಟು ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ಪೈಪು ಸರಿಯಿದ್ದು, ತುಕ್ಕು ಉಜ್ಜಿ ಸೆನ್ಸರು ಮರಳಿ ಕೂರಿಸಿದ್ದರೆ, ದೀಪ ಹೊತ್ತಿಲ್ಲ ಎಂದು ಕೆಲಸ ಮುಗಿಸಬೇಡಿ. ಒಣ ಬಯಲಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಿಂದ ನಾಲ್ಕಾರು ಸಲ ಮೆಲ್ಲಗೆ ನಿಲ್ಲಿಸಿ ನೋಡಿ. ಒಮ್ಮೆಯೂ ಪೆಡಲ್ ನಡುಗದಿದ್ದರೆ ಮಾತ್ರ ರಿಪೇರಿ ಆಗಿದೆ ಎನ್ನಿ.